ಗಂಟಿನ ಗುರುತು: ಸ್ತನ ಕ್ಯಾನ್ಸರಿನ ರೋಗನಿರ್ಣಯದಲ್ಲಿ ಒಮ್ಮತದ ಚರಿತ್ರೆ

ರೋಗಕ್ಕೆ ಹೆಸರಿಡುವುದು ಕೇವಲ ವೈದ್ಯಕೀಯ ಕ್ರಿಯೆಯಲ್ಲ. ಅದು ಸಾಂಸ್ಕೃತಿಕ ಕ್ರಿಯೆಯೂ ಹೌದು. ಹೆಸರು ಸಿಕ್ಕ ಕ್ಷಣದಿಂದ ರೋಗಿಯ ದಾರಿ ನಿಗದಿಯಾಗುತ್ತದೆ. ಸ್ತನದ ಗಂಟಿನ ವಿಷಯದಲ್ಲಂತೂ ಆ ಹೆಸರು ಒಬ್ಬ ಹೆಣ್ಣುಮಗಳ ಅಂಗ ಉಳಿಯುವುದೋ ಹೋಗುವುದೋ ಎಂಬುದನ್ನು ತೀರ್ಮಾನಿಸುತ್ತದೆ. ಹೀಗಿರುವಾಗ, ಒಂದೇ ಗಂಟಿನ ಚೂರನ್ನು ನೋಡಿದ ಬೇರೆ ಬೇರೆ ರೋಗಶಾಸ್ತ್ರಜ್ಞರು ಅದಕ್ಕೆ ಒಂದೇ ಹೆಸರನ್ನು ಇಡುತ್ತಾರೆಯೇ ಎಂಬ ಪ್ರಶ್ನೆ ಮಹತ್ವದ್ದಾಗುತ್ತದೆ. ಈ ಪ್ರಶ್ನೆಯ ಚರಿತ್ರೆಯನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲೂಕಿನ ನಲ್ಲೂರಿನಂತಹ ಊರಿನ ನೆಲೆಯಿಂದ, ಜಾನಪದ ಅಧ್ಯಯನದ ದೃಷ್ಟಿಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರಿನ ಪರಂಪರೆ

ನಮ್ಮ ವೈದ್ಯ ಪರಂಪರೆಯಲ್ಲಿ ಗಂಟುಗಳನ್ನು ವಿಂಗಡಿಸುವ ಪ್ರಯತ್ನ ಬಹು ಹಿಂದಿನದು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಗ್ರಂಥಿ ಮತ್ತು ಅರ್ಬುದಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ದುಂಡಗೆ, ಅಲುಗದೆ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು ಕೀವಾಗದೆ ಉಳಿಯುವುದು ಅರ್ಬುದದ ಲಕ್ಷಣ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯಗಳಂತಹ ಕೃತಿಗಳು ವೈದ್ಯಜ್ಞಾನವನ್ನು ದೇಶಭಾಷೆಗೆ ತಂದವು.

ಗ್ರಾಮೀಣರ ಮಾತಿನಲ್ಲಿ ಈ ವಿಂಗಡಣೆ ಇನ್ನೊಂದು ಬಗೆಯದು. ಗಂಟು, ಗೆಡ್ಡೆ, ಬಾವು, ಹುಣ್ಣು ಎಂಬ ಪದಗಳು ಕೈಗೆ ಮತ್ತು ಕಣ್ಣಿಗೆ ಸಿಗುವ ಗುಣಗಳನ್ನು ಆಧರಿಸಿವೆ. ಹಸುವಿಗೆ ಬರುವ ಕೆಚ್ಚಲು ಬಾವು ಹಾಲು, ಬಿಸಿ, ನೋವುಗಳಿಂದ ಗುರುತಾಗುತ್ತದೆ. ಬಾಣಂತಿಯ ಎದೆ ಕಟ್ಟಿಕೊಂಡು ಬಾತಾಗಲೂ ನೋವು ಮತ್ತು ಬಿಸಿಯೇ ಮುಖ್ಯ ಕುರುಹುಗಳು. ಇಲ್ಲಿ ನೋವು ರೋಗದ ಮೊದಲ ಸಾಕ್ಷಿ. ಆದರೆ ಸ್ತನ ಕ್ಯಾನ್ಸರಿನ ಗಂಟು ಬಹುಮಟ್ಟಿಗೆ ನೋವಿಲ್ಲದೆ ಆರಂಭವಾಗುತ್ತದೆ. ನೋವಿಲ್ಲದ್ದು ರೋಗವಲ್ಲ ಎಂಬ ತಿಳಿವಳಿಕೆಯೂ, ಎದೆಯ ವಿಷಯವನ್ನು ಬಾಯಿಬಿಟ್ಟು ಹೇಳಲಾಗದ ಸಂಕೋಚವೂ ಸೇರಿ ಆಸ್ಪತ್ರೆಯ ದಾರಿಯನ್ನು ತಡಮಾಡುತ್ತವೆ.

ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟರು. ಅದನ್ನೇ ಅನುಸರಿಸಿ ಕನ್ನಡದಲ್ಲಿ ‘ಏಡಿಗಂತಿ’ ಎಂಬ ಪದ ರೂಪುಗೊಂಡಿತು. ಆದರೂ ಜನಬಳಕೆಯಲ್ಲಿ ನಿಂತದ್ದು ‘ಕ್ಯಾನ್ಸರ್’. ಎಷ್ಟೋ ಮನೆಗಳಲ್ಲಿ ಅದನ್ನೂ ಉಚ್ಚರಿಸದೆ ‘ಆ ಕಾಯಿಲೆ’ ಎಂದೇ ಹೇಳುತ್ತಾರೆ.

2. ಕೈಯಿಂದ ಸೂಕ್ಷ್ಮದರ್ಶಕಕ್ಕೆ

ಹತ್ತೊಂಬತ್ತನೆಯ ಶತಮಾನದಲ್ಲಿ ಗಂಟಿನ ಗುರುತು ಕೈಯಿಂದ ಸೂಕ್ಷ್ಮದರ್ಶಕಕ್ಕೆ ಸ್ಥಳಾಂತರಗೊಂಡಿತು. 1858ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ಪ್ರಕಟಿಸಿದ ಉಪನ್ಯಾಸಗಳು ರೋಗದ ನೆಲೆಯನ್ನು ಜೀವಕೋಶದಲ್ಲಿ ಗುರುತಿಸಿದವು. ಗಂಟಿನ ಚೂರನ್ನು ಫಾರ್ಮಲಿನ್‌ನಲ್ಲಿ ಹದಗೊಳಿಸಿ, ಮೇಣದಲ್ಲಿ ಕೂರಿಸಿ, ತೆಳುವಾಗಿ ಸೀಳಿ, ಬಣ್ಣ ಕೊಟ್ಟು ನೋಡುವ ವಿಧಾನ ಆ ಬಳಿಕ ನೆಲೆಗೊಂಡಿತು. ಇಂದಿಗೂ ಬಯಾಪ್ಸಿ ಪರೀಕ್ಷೆಯ ತಳಹದಿ ಇದೇ.

ಇಪ್ಪತ್ತನೆಯ ಶತಮಾನದಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದರ ಜೊತೆಗೆ, ಯಾವ ಬಗೆ ಮತ್ತು ಯಾವ ದರ್ಜೆ ಎಂಬ ಪ್ರಶ್ನೆಗಳೂ ಬಂದವು. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೂಪಿಸಿದ ದರ್ಜೆ ಪದ್ಧತಿಯನ್ನು 1991ರಲ್ಲಿ ಎಲ್‌ಸ್ಟನ್ ಮತ್ತು ಎಲ್ಲಿಸ್ ಪರಿಷ್ಕರಿಸಿದರು. ನಳಿಕೆಗಳ ರಚನೆ, ಕೋಶಕೇಂದ್ರಗಳ ವಿಕಾರ, ಕೋಶವಿಭಜನೆಯ ಪ್ರಮಾಣ ಎಂಬ ಮೂರು ಲಕ್ಷಣಗಳಿಗೆ 1ರಿಂದ 3ರವರೆಗೆ ಅಂಕ ನೀಡಲಾಗುತ್ತದೆ. ಒಟ್ಟು 3ರಿಂದ 5 ಬಂದರೆ ಮೊದಲ ದರ್ಜೆ, 6 ಅಥವಾ 7 ಬಂದರೆ ಎರಡನೆಯದು, 8 ಅಥವಾ 9 ಬಂದರೆ ಮೂರನೆಯದು. ನೋಡುವವರ ಅಂದಾಜನ್ನು ಅಂಕಿಗಳ ಚೌಕಟ್ಟಿಗೆ ಒಳಪಡಿಸುವ ಪ್ರಯತ್ನವಿದು.

3. ಒಮ್ಮತದ ಅಳತೆ

ಒಮ್ಮತದ ಸಮಸ್ಯೆ ತೀವ್ರವಾಗಿ ಕಾಣಿಸಿಕೊಂಡದ್ದು ನಾಳಾಂತರ್ಗತ ಕ್ಯಾನ್ಸರಿನಲ್ಲಿ. ಇಲ್ಲಿ ಕ್ಯಾನ್ಸರ್ ಕೋಶಗಳು ಹಾಲಿನ ನಾಳದ ಒಳಗೇ ಇದ್ದು, ಅದರ ಹೊರ ಆವರಣವನ್ನು ಇನ್ನೂ ಭೇದಿಸಿರುವುದಿಲ್ಲ. ಇದರ ಪಕ್ಕದಲ್ಲೇ ‘ಅಸಹಜ ನಾಳವೃದ್ಧಿ’ ಎಂಬ ಇನ್ನೊಂದು ಸ್ಥಿತಿಯಿದೆ. ಅದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಬರುವ ಸಂಭವವನ್ನು ಹೆಚ್ಚಿಸುವ ಸ್ಥಿತಿ. ಎರಡರ ಕೋಶಗಳೂ ನೋಡಲು ಒಂದೇ ತೆರನಾಗಿರಬಹುದು. ಆದ್ದರಿಂದ ವಿಸ್ತಾರವನ್ನೇ ಗಡಿಯಾಗಿ ಬಳಸುವ ಮಾನದಂಡಗಳು ಬಂದವು: ವಿಕಾರವು ಎರಡು ನಾಳಗಳನ್ನು ಪೂರ್ತಿ ತುಂಬಿರಬೇಕು ಎಂಬುದು ಒಂದು, 2 ಮಿಲಿಮೀಟರಿಗಿಂತ ಹೆಚ್ಚಿರಬೇಕು ಎಂಬುದು ಇನ್ನೊಂದು. ಗಡಿಯ ಈಚೆಗಿದ್ದವಳಿಗೆ ಮುಖ್ಯವಾಗಿ ನಿಗಾ; ಆಚೆಗಿದ್ದವಳಿಗೆ ಶಸ್ತ್ರಕ್ರಿಯೆ, ಹಲವೊಮ್ಮೆ ವಿಕಿರಣ.

1991ರಲ್ಲಿ ಜುವಾನ್ ರೊಸಾಯ್ ಪ್ರಕಟಿಸಿದ ಅಧ್ಯಯನ ಈ ಗಡಿಯ ದುರ್ಬಲತೆಯನ್ನು ಬಯಲಿಗಿಟ್ಟಿತು. ಇಂತಹ 17 ಪ್ರಕರಣಗಳನ್ನು ಐವರು ನುರಿತ ರೋಗಶಾಸ್ತ್ರಜ್ಞರು ಪರಿಶೀಲಿಸಿದಾಗ, ಐವರೂ ಒಂದೇ ಹೆಸರಿಟ್ಟ ಪ್ರಕರಣ ಒಂದೂ ಇರಲಿಲ್ಲ. ಮರುವರ್ಷ ಸ್ಟುವರ್ಟ್ ಶ್ನಿಟ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಮಾಡಿದರು. ಆರು ಮಂದಿ ತಜ್ಞರಿಗೆ ಮೊದಲೇ ಸಮಾನ ಮಾನದಂಡಗಳನ್ನು ಒದಗಿಸಿ 24 ಪ್ರಕರಣಗಳನ್ನು ಕೊಟ್ಟಾಗ, ಶೇ. 58ರಷ್ಟರಲ್ಲಿ ಆರೂ ಜನ ಒಪ್ಪಿದರು. ಈ ಎರಡು ಅಧ್ಯಯನಗಳನ್ನು ಜೊತೆಯಲ್ಲಿ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಭಿನ್ನಾಭಿಪ್ರಾಯದ ಒಂದು ಪಾಲು ಮಾನದಂಡದ ಕೊರತೆಯಿಂದ ಹುಟ್ಟಿದ್ದು, ಅದನ್ನು ತರಬೇತಿಯಿಂದ ತಗ್ಗಿಸಬಹುದು, ಇನ್ನೊಂದು ಪಾಲು ರೋಗದ ಸ್ವರೂಪದಲ್ಲೇ ಇದೆ.

2015ರಲ್ಲಿ ಅಮೆರಿಕದಲ್ಲಿ ಜೋನ್ ಎಲ್ಮೋರ್ ನೇತೃತ್ವದಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚು ವ್ಯಾಪಕವಾದುದು. 115 ರೋಗಶಾಸ್ತ್ರಜ್ಞರ ಒಟ್ಟು 6,900 ನಿರ್ಣಯಗಳನ್ನು ತಜ್ಞ ಸಮಿತಿಯ ನಿರ್ಣಯದೊಂದಿಗೆ ಹೋಲಿಸಿದಾಗ ಒಟ್ಟಾರೆ ಹೊಂದಾಣಿಕೆ ಶೇ. 75.3. ನಾಳವನ್ನು ಭೇದಿಸಿ ಹೊರಬಂದ ಕ್ಯಾನ್ಸರಿನಲ್ಲಿ ಅದು ಶೇ. 96, ನಾಳಾಂತರ್ಗತ ಕ್ಯಾನ್ಸರಿನಲ್ಲಿ ಶೇ. 84, ಅಸಹಜ ವೃದ್ಧಿಯಲ್ಲಿ ಶೇ. 48. ಪ್ರತಿ ಪ್ರಕರಣಕ್ಕೆ ಒಂದೇ ಗಾಜಿನ ಫಲಕವನ್ನು ನೀಡಲಾಗಿತ್ತು ಎಂಬ ಮಿತಿಯನ್ನು ಇಲ್ಲಿ ಮರೆಯುವಂತಿಲ್ಲ. ನಿತ್ಯದ ಕೆಲಸದಲ್ಲಿ ಹೆಚ್ಚಿನ ಫಲಕಗಳೂ ಸಹೋದ್ಯೋಗಿಗಳ ಸಲಹೆಯೂ ಲಭ್ಯ. ಆದರೂ ಎರಡು ತುದಿಗಳಲ್ಲಿ ಒಮ್ಮತ ಗಟ್ಟಿಯಾಗಿದ್ದು ನಡುವಣ ಗಡಿಯಲ್ಲಿ ಸಡಿಲಗೊಳ್ಳುತ್ತದೆ ಎಂಬ ನಿಷ್ಕರ್ಷೆ ಉಳಿಯುತ್ತದೆ.

4. ಜಾನಪದ ವರ್ಗೀಕರಣದ ಬೆಳಕಿನಲ್ಲಿ

ಜಾನಪದ ವಿದ್ವಾಂಸರಿಗೆ ಈ ಸಮಸ್ಯೆ ಅಪರಿಚಿತವಲ್ಲ. 1910ರಲ್ಲಿ ಆಂಟಿ ಆರ್ನೆ ಆರಂಭಿಸಿದ ಕಥಾವರ್ಗ ಸೂಚಿಯನ್ನು ಸ್ಟಿತ್ ಥಾಂಪ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದರು. 2004ರಲ್ಲಿ ಹಾನ್ಸ್‌-ಯೋರ್ಗ್ ಊಥರ್ ಅದನ್ನು ಪರಿಷ್ಕರಿಸಿದರು. ಎ. ಕೆ. ರಾಮಾನುಜನ್ ಕನ್ನಡದ ‘ಹಂಚಿ’ ಕಥೆಯನ್ನು ಸಿಂಡರೆಲಾ ವರ್ಗದಲ್ಲಿಟ್ಟು ಚರ್ಚಿಸಿದಾಗ, ಅಣ್ಣನ ಮೋಹಕ್ಕೆ ಸಿಲುಕದಿರಲು ಮುಖವಾಡ ತೊಟ್ಟು ಮನೆ ಬಿಡುವ ಹುಡುಗಿಯ ಕಥೆ ಯುರೋಪಿನ ಚೌಕಟ್ಟಿಗೆ ಎಷ್ಟು ಒಗ್ಗುತ್ತದೆ, ಎಷ್ಟು ಒಗ್ಗುವುದಿಲ್ಲ ಎಂಬ ಪ್ರಶ್ನೆ ಎದ್ದಿತು. ರೂಪಾಂತರಗಳು ಅಖಂಡವಾಗಿ ಹರಿಯುತ್ತವೆ. ಸೂಚಿಯ ಸಂಖ್ಯೆಗಳು ಆ ಹರಿವಿನಲ್ಲಿ ನೆಟ್ಟ ಗೂಟಗಳು.

ರೋಗಶಾಸ್ತ್ರವೂ ತನ್ನ ಗೂಟಗಳನ್ನು ಕಿತ್ತು ಮತ್ತೆ ನೆಟ್ಟಿದೆ. ‘ಮೆಡ್ಯುಲರಿ ಕಾರ್ಸಿನೋಮ’ ಎಂಬ ಬಗೆಯನ್ನು ಗುರುತಿಸುವಲ್ಲಿ ಒಮ್ಮತ ಕಡಿಮೆಯೆಂದು ಮತ್ತೆ ಮತ್ತೆ ಕಂಡುಬಂದ ಬಳಿಕ, ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣ ಅದನ್ನು ಪ್ರತ್ಯೇಕ ಬಗೆಯೆಂದು ಉಳಿಸಿಕೊಳ್ಳದೆ ಸಾಮಾನ್ಯ ಬಗೆಯ ಒಂದು ವಿನ್ಯಾಸವಾಗಿ ಸೇರಿಸಿತು. ಆದರೆ ಈ ಹೋಲಿಕೆಗೆ ಮಿತಿಯಿದೆ. ಕಥೆಗೆ ತಪ್ಪು ಸಂಖ್ಯೆ ಬಿದ್ದರೆ ನಷ್ಟ ಸೂಚಿಗೆ ಮಾತ್ರ. ಗಂಟಿಗೆ ತಪ್ಪು ಹೆಸರು ಬಿದ್ದರೆ ನಷ್ಟ ಒಂದು ದೇಹಕ್ಕೆ, ಒಂದು ಸಂಸಾರಕ್ಕೆ.

ಮಾದರಿಯ ಪ್ರಶ್ನೆಯನ್ನೂ ಇಲ್ಲಿ ಗಮನಿಸಬೇಕು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ನಲ್ಲೂರಿನ ಹುಣಸೆತೋಪು ಚೋಳರ ಕಾಲದ್ದೆಂಬುದು ಪ್ರತೀತಿ. ಅಲ್ಲಿನ ಒಂದು ಮರದ ವಯಸ್ಸು ಇಂಗಾಲ ಪರೀಕ್ಷೆಯಿಂದ ಸುಮಾರು 400 ವರ್ಷವೆಂದು ಅಂದಾಜಾಗಿದೆ. ಇದರಿಂದ ಪ್ರತೀತಿ ಸುಳ್ಳಾಗುವುದಿಲ್ಲ, ನಿಜವೂ ಆಗುವುದಿಲ್ಲ. ಒಂದು ಮರದ ವಯಸ್ಸು ಇಡೀ ತೋಪಿನ ವಯಸ್ಸಲ್ಲ. ಹಾಗೆಯೇ ಸೂಜಿಯಲ್ಲಿ ಬಂದ ಎಳೆಯಷ್ಟು ಅಂಗಾಂಶ ಇಡೀ ಗಂಟಲ್ಲ.

5. ಬೆಂಗಳೂರು ಮತ್ತು ನಲ್ಲೂರು

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಸಾಂಸ್ಥಿಕ ನೆಲೆ ಒದಗಿಸಿದ್ದು 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ 1980ರಲ್ಲಿ ಸ್ವಾಯತ್ತತೆ ಪಡೆದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರ ಕೊನೆಯಲ್ಲಿ ಆರಂಭಿಸಿದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ, ಬೆಂಗಳೂರಿನ ಜನಸಂಖ್ಯಾಧಾರಿತ ನೋಂದಣಿ 1982ರಿಂದ ಇಲ್ಲಿ ನಡೆಯಿತು. ಆರಂಭದ ವರ್ಷಗಳಲ್ಲಿ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಮುಂದೆ ಆ ಸ್ಥಾನಕ್ಕೆ ಸ್ತನ ಕ್ಯಾನ್ಸರ್ ಬಂದಿತು. ನೋಂದಣಿಯ ಹೆಚ್ಚಿನ ಅಂಕಿಗಳ ಹಿಂದೆ ಒಬ್ಬ ರೋಗಶಾಸ್ತ್ರಜ್ಞರ ನಿರ್ಣಯವಿರುವುದರಿಂದ, ಒಮ್ಮತದ ಪ್ರಶ್ನೆ ಅಂಕಿಅಂಶಗಳ ವಿಶ್ವಾಸಾರ್ಹತೆಯ ಪ್ರಶ್ನೆಯೂ ಆಗುತ್ತದೆ.

ಈ ನೋಂದಣಿಯ ವ್ಯಾಪ್ತಿ ರೂಪುಗೊಂಡದ್ದು ನಗರ ಪ್ರದೇಶವನ್ನು ಆಧರಿಸಿ. ನಗರಕ್ಕೆ ಬಂದು ಚಿಕಿತ್ಸೆ ಪಡೆದ ಹಳ್ಳಿಯ ಹೆಣ್ಣುಮಗಳು ಆಸ್ಪತ್ರೆಯ ದಾಖಲೆಯಲ್ಲಿ ಇರುತ್ತಾಳೆ. ನಗರದ ಜನಸಂಖ್ಯೆಯ ಲೆಕ್ಕದಲ್ಲಿ ಇರುವುದಿಲ್ಲ.

ನಾಳಾಂತರ್ಗತ ಕ್ಯಾನ್ಸರ್ ಹೆಚ್ಚಾಗಿ ಪತ್ತೆಯಾಗುವುದು ಮ್ಯಾಮೋಗ್ರಾಮ್ ತಪಾಸಣೆಯಿಂದ. ಅದು ನಿಯತವಾಗಿ ನಡೆಯದ ಕಡೆ ರೋಗ ಗಂಟಾಗಿ ಕೈಗೆ ಸಿಕ್ಕ ಮೇಲಷ್ಟೇ ಬೆಳಕಿಗೆ ಬರುತ್ತದೆ. ಆಗ ‘ಕ್ಯಾನ್ಸರ್ ಹೌದೇ’ ಎಂಬುದರಲ್ಲಿ ಭಿನ್ನಮತ ಅಪರೂಪ. ಭಿನ್ನಮತವಿರುವುದು ದರ್ಜೆಯಲ್ಲಿ, ಹಾರ್ಮೋನು ಗ್ರಾಹಕಗಳ ಮತ್ತು ಹರ್‌-2 ಪ್ರೋಟೀನಿನ ಪರೀಕ್ಷೆಯಲ್ಲಿ. ಔಷಧಿ ಯಾವುದೆಂದು ನಿಶ್ಚಯಿಸುವುದೂ ಇವೇ. ಇಲ್ಲಿ ದೋಷ ನೋಡುವ ಕಣ್ಣಿನದೇ ಆಗಬೇಕೆಂದಿಲ್ಲ. ತೆಗೆದ ಚೂರು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬಿದ್ದು, 6ರಿಂದ 72 ಗಂಟೆ ಅದರಲ್ಲಿರಬೇಕೆಂಬುದು ಅಂಗೀಕೃತ ನಿಯಮ. ಬರಿಯ ಸಲೈನಿನಲ್ಲಿ ಹಾಕಿ ದೂರದ ಪ್ರಯೋಗಾಲಯಕ್ಕೆ ಕಳುಹಿಸಿದ ಚೂರಿನಲ್ಲಿ ಗ್ರಾಹಕಗಳು ಇದ್ದೂ ಇಲ್ಲದಂತೆ ಕಾಣಬಹುದು. ಗುಳಿಗೆಯಿಂದ ಪ್ರಯೋಜನ ಪಡೆಯಬೇಕಾಗಿದ್ದವಳು ಆಗ ಅದರಿಂದ ವಂಚಿತಳಾಗುತ್ತಾಳೆ.

ಸಮಾರೋಪ

ಎರಡು ವರದಿಗಳು ಬೇರೆಯಾದಾಗ ‘ಡಾಕ್ಟರಿಗೇ ಗೊತ್ತಿಲ್ಲ’ ಎಂದು ಚಿಕಿತ್ಸೆಯನ್ನೇ ಕೈಬಿಡುವ ಸಂಭವ ಗ್ರಾಮೀಣ ಸಂದರ್ಭದಲ್ಲಿ ಹೆಚ್ಚು. ಆದರೆ ಮತ್ತೊಮ್ಮೆ ಕೇಳುವುದು ನಮ್ಮ ಜನಪದಕ್ಕೆ ಹೊಸದಲ್ಲ. ದೇವರಲ್ಲಿ ಹೂ ಕೇಳುವವರು ಒಮ್ಮೆ ಹೂ ಬೀಳದಿದ್ದರೆ ದೇವರನ್ನು ಬಿಡುವುದಿಲ್ಲ. ಪ್ರಶ್ನೆಯನ್ನು ಬದಲಿಸಿ ಮತ್ತೆ ಕೇಳುತ್ತಾರೆ. ಮರುಕೇಳಿಕೆ ಅವಿಶ್ವಾಸದ ಕುರುಹಲ್ಲ, ನಿರ್ಧಾರದ ಭಾರವನ್ನು ಅರಿತವರ ಎಚ್ಚರ. ಆದಕಾರಣ ವರದಿಯ ಜೊತೆಗೆ ಮೇಣದ ಅಚ್ಚು ಮತ್ತು ಗಾಜಿನ ಫಲಕಗಳನ್ನು ಕೇಳಿ ಪಡೆದು, ಇನ್ನೊಬ್ಬ ತಜ್ಞರಿಗೆ ತೋರಿಸಬಹುದೆಂಬ ತಿಳಿವಳಿಕೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಲುಪಬೇಕಾಗಿದೆ. ರೋಗದ ಕಥನಗಳನ್ನು, ಹೆಸರುಗಳನ್ನು, ಹೆಸರಿಡದ ಮೌನಗಳನ್ನು ಸಂಗ್ರಹಿಸುವ ಕೆಲಸವನ್ನು ಜಾನಪದ ಅಧ್ಯಯನವು ಕೈಗೆತ್ತಿಕೊಂಡರೆ, ಆ ತಿಳಿವಳಿಕೆಯನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದು ವೈದ್ಯಲೋಕಕ್ಕೆ ದೊರೆಯುತ್ತದೆ.