ಹಿತ್ತಾಳೆಯ ಅಕ್ಷರ

ನಮ್ಮ ಕಾಲೇಜಿನ ಹೆಬ್ಬಾಗಿಲ ಮೇಲಿನ ಹೆಸರು ಹಿತ್ತಾಳೆಯ ಬಿಡಿ ಅಕ್ಷರಗಳದು. ಹೋದ ಮಳೆಗಾಲದಲ್ಲಿ ಅದರ ‘ಲೇ’ ಕಳಚಿ ಬಿದ್ದು, ಬಿದ್ದ ರಾತ್ರಿಯೇ ಮಾಯವಾಯಿತು. “ಅಕ್ಷರದ ಕೆಲಸ ಕನ್ನಡ ಮೇಷ್ಟರದೇ” ಎಂದು ನಗುತ್ತ ಪ್ರಿನ್ಸಿಪಾಲರು ಹೊಣೆಯನ್ನು ನನ್ನ ತಲೆಗೆ ಕಟ್ಟಿದರು. ಪೇಟೆಯ ತಗಡಿನ ಅಂಗಡಿಯವನು, “ಎಷ್ಟು ದಪ್ಪ ಬೇಕು ಸ್ವಾಮಿ? ಹೊಸದೋ, ಹಳೆಯದೋ?” ಎಂದು ಕೇಳಿದಾಗ ತಬ್ಬಿಬ್ಬಾದೆ. ಬ್ರಾಹ್ಮಿಯಿಂದ ಇಂದಿನವರೆಗೆ ಲಿಪಿ ಬೆಳೆದ ಬಗೆಯನ್ನು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಅಕ್ಷರಕ್ಕೆ ಮೈಯಾಗುವ ಲೋಹ ಎಲ್ಲಿಂದ ಬರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಳೆ ಬರುವೆನೆಂದು ಹೇಳಿ ಮನೆಗೆ ಬಂದು ಪುಸ್ತಕಗಳನ್ನು ತೆರೆದೆ.

ಲೋಹದ ತಗಡಿನಿಂದ ಬಿಡಿ ಅಕ್ಷರ ಕತ್ತರಿಸುವ ಕಲೆಗೆ ಇಂಗ್ಲೆಂಡಿನ ಇಗರ್ಜಿಗಳಲ್ಲಿ ಹಳೆಯ ನಿದರ್ಶನಗಳಿವೆ. 13ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಸಮಾಧಿಯ ಚಪ್ಪಡಿಯ ಅಂಚಿನಲ್ಲಿ ಒಂದೊಂದು ಅಕ್ಷರಕ್ಕೂ ಗುಳಿ ತೋಡಿ, ಹಿತ್ತಾಳೆಯ ಅಕ್ಷರವನ್ನು ಡಾಂಬರಿನಂಥ ಅಂಟಿನಿಂದ ಕೂರಿಸುತ್ತಿದ್ದರು. ಕಲ್ಲು ಪರ್ಬೆಕ್ ಸೀಮೆಯದು, ಸ್ವದೇಶದ್ದೇ. ತಗಡು ಮಾತ್ರ ಬಹುಮಟ್ಟಿಗೆ ಸಮುದ್ರದಾಚೆಯಿಂದ, ಜರ್ಮನಿಯ ಕೊಲೋನ್ ಕಡೆಯಿಂದಲೂ ಮ್ಯೂಸ್ ನದಿಯ ಕಣಿವೆಯಿಂದಲೂ ಬರಬೇಕಾಗಿತ್ತು. ತಾಮ್ರವನ್ನು ಸತುವಿನ ಅದಿರು ಮತ್ತು ಇದ್ದಲಿನೊಡನೆ ಮೂಸೆಯಲ್ಲಿ ಕಾಯಿಸಿ ಹಿತ್ತಾಳೆ ಮಾಡಿ, ಎರಕ ಹೊಯ್ದು, ಸುತ್ತಿಗೆಯಿಂದ ಬಡಿದು ತಗಡು ಮಾಡುತ್ತಿದ್ದರು. ಆ ಕಣಿವೆಯ ದಿನಾನ್ ಪಟ್ಟಣ ಈ ಕೆಲಸಕ್ಕೆ ಹೆಸರಾಗಿತ್ತು. 1466ರಲ್ಲಿ ಬರ್ಗಂಡಿಯ ಸೈನ್ಯ ಅದನ್ನು ಹಾಳುಗೆಡವಿತು, ಕಸಬುದಾರರು ಚೆದುರಿಹೋದರು.

ಇಷ್ಟು ದೂರದಿಂದ ಬಂದ ಲೋಹ ಅಗ್ಗವಾಗಿರುವುದು ಹೇಗೆ? ಅಗ್ಗವಲ್ಲದ್ದರ ಮೇಲೆ ಕಣ್ಣು ಬೀಳದಿರುವುದು ಹೇಗೆ? ಬಿಡಿ ಅಕ್ಷರಗಳು ಬಹುಪಾಲು ಹೋಗಿ, ಈಗ ಎಷ್ಟೋ ಚಪ್ಪಡಿಗಳಲ್ಲಿ ಗುಳಿಗಳನ್ನೇ ಓದಬೇಕಾಗಿದೆ. 1536ರಿಂದ 1540ರವರೆಗೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಅಲ್ಲಿಯ ಸಮಾಧಿಗಳ ತಗಡುಗಳು ಲೂಟಿಯ ಸರಕಾದವು. ಅವನ್ನು ಕೊಂಡ ಕೆತ್ತನೆಯವರು ಮಗುಚಿ ಹಾಕಿ ಬೆನ್ನ ಮೇಲೆ ಹೊಸಬರ ಹೆಸರು ಕೊರೆದರು. ದೇಶದೊಳಗೇ ಹಿತ್ತಾಳೆ ಮಾಡುವ ಸನ್ನದು ಪಡೆದ ಕಂಪನಿ ಸ್ಥಾಪಿತವಾದದ್ದು 1568ರಲ್ಲಿ.

ಪರರ ಕಥೆಯೆಂದು ನಾವು ನಗುವಂತಿಲ್ಲ. ನಮ್ಮ ತಾಮ್ರಶಾಸನಗಳನ್ನು ನೋಡಿ. ಅಕ್ಷರ ಸವೆಯದಿರಲೆಂದು ಹಲಗೆಯ ಅಂಚನ್ನು ಎತ್ತರಿಸಿದರು. ಹಲಗೆ ಕಳೆಯದಿರಲೆಂದು ಬಳೆ ತೊಡಿಸಿ ಮುದ್ರೆ ಒತ್ತಿದರು. ಆದರೂ ಹಳೆಯ ಬರಹವನ್ನು ಬಡಿದು ಅಳಿಸಿ ಅದೇ ತಾಮ್ರದ ಮೇಲೆ ಹೊಸ ದಾನವನ್ನು ಬರೆಸಿದ ಹಲಗೆಗಳು ಭಾರತದಲ್ಲಿ ಸಿಕ್ಕಿವೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನಿಗೆ ಶಾಸನದ ಕೊನೆಯಲ್ಲಿ ಘೋರ ಶಾಪವುಂಟು. ತಾಮ್ರವನ್ನು ಬಡಿದವನಿಗೆ ಶಾಪ ಹಾಕಿದ್ದನ್ನು ನಾನು ಕಂಡಿಲ್ಲ!

ಮರುದಿನ ಅಂಗಡಿಗೆ ಹೋದೆ. ಕಾಲೇಜು ಕೊಟ್ಟ ಹಣಕ್ಕೆ ಹೊಸ ತಗಡು ಬರುವಂತಿರಲಿಲ್ಲ. ಅಂಗಡಿಯವನು ಗುಜರಿಯಿಂದ ದಪ್ಪನೆಯ ತುಂಡೊಂದನ್ನು ಎಳೆದು ಕೊಟ್ಟ. ತಿರುಗಿಸಿದರೆ ಅದು ಯಾರದೋ ಮನೆಯ ನಾಮಫಲಕ. ಹೆಸರು, ಹೆಸರಿನ ಮುಂದೆ ಬಿ.ಎ., ಅದರ ಕೆಳಗೆ ‘ನಿವೃತ್ತ’ ಎಂದಿತ್ತು. ಮನೆ ಮಾರಿದರೋ, ಕೆಡವಿದರೋ! ನಾನು ಹಿಂಜರಿದದ್ದನ್ನು ಕಂಡು, “ಅದು ಗೋಡೆಯ ಕಡೆ ಹೋಗುತ್ತದೆ ಸ್ವಾಮಿ, ಯಾರಿಗೆ ಕಾಣುತ್ತದೆ?” ಎಂದ.

ಗರಗಸ ಇಡುವ ಮುನ್ನ ಒಂದು ನಿಮಿಷ ತಡೆಯಲು ಹೇಳಿದೆ. ಚೀಲದಿಂದ ಕಾಗದ ತೆಗೆದು ಫಲಕದ ಮೇಲೆ ಹಾಸಿ, ಸೀಸದಕಡ್ಡಿಯಿಂದ ಉಜ್ಜಿ, ಶಾಸನದವರು ಪಡಿಯಚ್ಚು ತೆಗೆಯುವಂತೆ ಆ ಹೆಸರನ್ನು ತೆಗೆದುಕೊಂಡೆ. ಕಾಲೇಜಿನ ಹೆಸರು ಈಗ ಪೂರ್ತಿಯಾಗಿದೆ. ಗೋಡೆಯತ್ತ ಮುಖಮಾಡಿದ ಹೆಸರು ನನ್ನ ಮೇಜಿನ ಖಾನೆಯಲ್ಲಿದೆ. ಆ ಮನೆಯವರು ಯಾರಾದರೂ ಬಂದು ಕೇಳಿದರೆ ಕೊಡುತ್ತೇನೆ.