ವಿದ್ಯಾಪೀಠದ ನೌಕರರೂ ಸಂಧಾನದ ಹಕ್ಕೂ

ವೇತನದ ವಿಷಯವಾಗಿ ಮಾತುಕತೆ ನಡೆಯಬೇಕಾದರೆ ಎದುರು ಪಕ್ಷವು ಮೊದಲು ಮಾತಿಗೆ ಕುಳಿತುಕೊಳ್ಳಬೇಕು. ಕುಳಿತುಕೊಳ್ಳದಿದ್ದಲ್ಲಿ ದೂರು ಕೊಂಡೊಯ್ಯಲು ಒಂದು ಸ್ಥಾನವಿರಬೇಕು. ಗಿರಣಿಯ ಕೆಲಸಗಾರನಿಗೂ ಬ್ಯಾಂಕಿನ ಗುಮಾಸ್ತನಿಗೂ ಇಂತಹ ಸ್ಥಾನವನ್ನು 1947ರ ಕೈಗಾರಿಕಾ ವಿವಾದಗಳ ಶಾಸನವು ಕಲ್ಪಿಸಿಕೊಟ್ಟಿತು. ಬ್ಯಾಂಕು ನೌಕರರ ವಿವಾದವು 1953ರ ಶಾಸ್ತ್ರಿ ತೀರ್ಪನ್ನು ಹಾದು, 1966ರ ದ್ವಿಪಕ್ಷೀಯ ಒಪ್ಪಂದದವರೆಗೆ ಸಾಗಿದ್ದು ಈ ಶಾಸನದ ಆಸರೆಯಿಂದಲೇ. ವಿಶ್ವವಿದ್ಯಾನಿಲಯದ ನೌಕರರ ಪಾಡು ಹಾಗಿರಲಿಲ್ಲ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಸಂವಿಧಾನವೇ ಅವರಿಗೆ ನೀಡಿತ್ತು. ಆದರೆ ಆ ಸಂಘದ ಬೇಡಿಕೆಯನ್ನು ವಿವಾದವೆಂದು ಪರಿಗಣಿಸಬೇಕಾದರೆ ವಿಶ್ವವಿದ್ಯಾನಿಲಯವು ‘ಕೈಗಾರಿಕೆ’ ಎನಿಸಬೇಕಿತ್ತು. ಹೀಗೆ ಸಂಬಳದ ಪ್ರಶ್ನೆಗೆ ಮುಂಚೆ ಒಂದು ಶಬ್ದಾರ್ಥದ ಪ್ರಶ್ನೆ ಅಡ್ಡ ನಿಂತಿತು.

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರು ಪ್ರಾಧ್ಯಾಪಕರಲ್ಲ, ಬಸ್ಸಿನ ಚಾಲಕರು. ವಿದ್ಯಾರ್ಥಿನಿಯರ ಅನುಕೂಲಕ್ಕಾಗಿ ದೆಹಲಿ ವಿಶ್ವವಿದ್ಯಾನಿಲಯವು ಓಡಿಸುತ್ತಿದ್ದ ಬಸ್ಸುಗಳಿಂದ ನಷ್ಟವಾಗುತ್ತಿದೆಯೆಂದು ಆ ಸೌಕರ್ಯವನ್ನೇ ನಿಲ್ಲಿಸಲಾಯಿತು. ಚಾಲಕರು ಕೆಲಸ ಕಳೆದುಕೊಂಡರು. ಕಾಯಿದೆಯಲ್ಲಿ ಹೇಳಿದ ಪರಿಹಾರವನ್ನು ಅವರು ಕೇಳಿದರು. ದೆಹಲಿ ವಿಶ್ವವಿದ್ಯಾನಿಲಯ ವಿರುದ್ಧ ರಾಮನಾಥ್ ಎಂಬ ಈ ಮೊಕದ್ದಮೆಯಲ್ಲಿ 1963ರಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರ್. ಅಧ್ಯಾಪಕನು ಶಾಸನದ ಅರ್ಥದಲ್ಲಿ ಕಾರ್ಮಿಕನಲ್ಲ; ವಿಶ್ವವಿದ್ಯಾನಿಲಯದ ಮುಖ್ಯ ಕಾರ್ಯವು ಅಧ್ಯಾಪನ; ಚಾಲಕ, ಜವಾನ ಮೊದಲಾದವರದು ಅದರಲ್ಲಿ ತೀರ ಗೌಣವಾದ ಪಾತ್ರ; ಆದುದರಿಂದ ಸಂಸ್ಥೆಯು ಕೈಗಾರಿಕೆಯಲ್ಲ ಎಂಬುದು ಆ ತೀರ್ಪಿನ ತರ್ಕಸರಣಿ.

ಈ ತರ್ಕದ ಹಿಂದೆ ವಿದ್ಯೆಯ ಬಗ್ಗೆ ಗೌರವವಿತ್ತೆಂಬುದು ನಿಸ್ಸಂದೇಹ. ಆದರೆ ಆ ಗೌರವದ ಬೆಲೆಯನ್ನು ತೆತ್ತವರು ಯಾರು? ಗುರುವಿನ ವೃತ್ತಿ ಪವಿತ್ರವೆಂಬ ಕಾರಣದಿಂದ ಚಾಲಕನ ಪರಿಹಾರ ತಪ್ಪಿತು. ಅದೇ ಚಾಲಕನು ಸಾರಿಗೆ ಸಂಸ್ಥೆಯೊಂದರಲ್ಲಿದ್ದರೆ ಅದೇ ಕೆಲಸಕ್ಕೆ ಕಾನೂನಿನ ರಕ್ಷಣೆ ಪಡೆಯುತ್ತಿದ್ದನು. ತೀರ್ಪಿತ್ತವರು ಕಾರ್ಮಿಕರ ವಿಷಯದಲ್ಲಿ ಅನಾಸ್ಥೆಯುಳ್ಳವರೂ ಆಗಿರಲಿಲ್ಲ. ಗಜೇಂದ್ರಗಡಕರರು 1955ರ ಬ್ಯಾಂಕ್ ಅವಾರ್ಡ್ ಆಯೋಗವನ್ನು ನಡೆಸಿದವರು. ಮುಂದೆ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾಗಿ 1969ರಲ್ಲಿ ವರದಿ ಸಲ್ಲಿಸಿದವರು. ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆಗಿದ್ದವರು. ದುಡಿಮೆಯನ್ನೂ ವಿದ್ಯೆಯನ್ನೂ ಬಲ್ಲ ಇಂತಹವರೇ ಇವೆರಡನ್ನು ಬೇರೆ ಬೇರೆ ಜಗತ್ತುಗಳೆಂದು ಕಂಡರೆಂಬುದು ಆ ಕಾಲದ ಮನೋಧರ್ಮಕ್ಕೆ ಸಾಕ್ಷಿ.

ಹದಿನೈದು ವರ್ಷಗಳ ತರುವಾಯ ಈ ಗೋಡೆ ಬಿದ್ದುದು ವಿದ್ಯೆಗೆ ಸಂಬಂಧವೇ ಇಲ್ಲದ ಒಂದು ಕನ್ನಡನಾಡಿನ ಮೊಕದ್ದಮೆಯಿಂದ. ಬೆಂಗಳೂರಿನ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ದುರ್ವರ್ತನೆಯ ಆರೋಪದ ಮೇಲೆ ಎ. ರಾಜಪ್ಪ ಮೊದಲಾದ ನೌಕರರಿಗೆ ದಂಡ ವಿಧಿಸಿತ್ತು. ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ತಾನು ಕೈಗಾರಿಕೆಯೇ ಅಲ್ಲವೆಂದು ಮಂಡಳಿ ವಾದಿಸಿತು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 1978ರ ಫೆಬ್ರವರಿ 21ರಂದು ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ಮುಖ್ಯ ತೀರ್ಪನ್ನು ಬರೆದ ವಿ. ಆರ್. ಕೃಷ್ಣ ಅಯ್ಯರ್ ಅವರು ಮೂರು ಲಕ್ಷಣಗಳನ್ನು ಮುಂದಿಟ್ಟರು: ಕ್ರಮಬದ್ಧವಾದ ಚಟುವಟಿಕೆ, ಒಡೆಯ ಮತ್ತು ನೌಕರರ ಸಹಕಾರ, ಮಾನವರ ಅಗತ್ಯಗಳನ್ನು ಪೂರೈಸುವ ವಸ್ತು ಅಥವಾ ಸೇವೆಯ ಉತ್ಪಾದನೆ ಇಲ್ಲವೆ ವಿತರಣೆ. ಲಾಭದ ಉದ್ದೇಶವಿರಬೇಕೆಂಬ ನಿರ್ಬಂಧವಿಲ್ಲ. ಸಂಸ್ಥೆಯ ಕೆಲವರು ಕಾರ್ಮಿಕರಲ್ಲದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯದು. ಹೀಗೆ ರಾಮನಾಥ್ ತೀರ್ಪು ರದ್ದಾಯಿತು. ಕೂಲಿಯಾಳುಗಳಿಲ್ಲದ ಸಣ್ಣ ಗುರುಕುಲಗಳಂತಹವುಗಳಿಗೆ ಮಾತ್ರ ವಿನಾಯಿತಿ ಉಳಿಯಿತು.

ಗುಮಾಸ್ತ, ಜವಾನ, ಚಾಲಕ, ಮುದ್ರಣಾಲಯದ ಕೆಲಸಗಾರ ಇವರಿಗೆಲ್ಲ ಇದರಿಂದ ಸಂಧಾನಾಧಿಕಾರಿಯ ಹಾಗೂ ನ್ಯಾಯಮಂಡಳಿಯ ಬಾಗಿಲು ತೆರೆಯಿತು. ಅದನ್ನು ಮತ್ತೆ ಮುಚ್ಚುವ ಯತ್ನವೂ ನಡೆಯದಿರಲಿಲ್ಲ. ಶಿಕ್ಷಣಸಂಸ್ಥೆಗಳನ್ನೂ ಆಸ್ಪತ್ರೆಗಳನ್ನೂ ಹೊರಗಿಡುವ ಹೊಸ ವ್ಯಾಖ್ಯೆಯನ್ನು ಸಂಸತ್ತು 1982ರಲ್ಲಿ ಅಂಗೀಕರಿಸಿತು. ಆದರೆ ಆ ಭಾಗವು ಎಂದೂ ಜಾರಿಗೆ ಬರಲಿಲ್ಲ.

ಅಧ್ಯಾಪಕನು ಮಾತ್ರ ಹೊರಗೇ ಉಳಿದನು. ಗೋವೆಯ ಶಾಲಾ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ 1988ರಲ್ಲಿ ತೀರ್ಪಿತ್ತವರು ಕನ್ನಡಿಗರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು. ಶಾಲೆಯು ಕೈಗಾರಿಕೆಯೇ ಆದರೂ ಪಾಠ ಹೇಳುವುದು ಕಾಯಕಷ್ಟದ ಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಮೇಲ್ವಿಚಾರಣೆಯೂ ಅಲ್ಲ; ಆದಕಾರಣ ಶಿಕ್ಷಕಿಯು ಕಾರ್ಮಿಕಳಲ್ಲ ಎಂದು ನಿರ್ಣಯವಾಯಿತು. ಆದರೆ ತೀರ್ಪು ಅಲ್ಲಿಗೆ ಸುಮ್ಮನಾಗಲಿಲ್ಲ. ಶಿಕ್ಷಕರ ವಿವಾದಗಳನ್ನು ಬಗೆಹರಿಸಲು ಸರ್ಕಾರವು ಪ್ರತ್ಯೇಕ ಕಾಯಿದೆ ಮಾಡಬೇಕೆಂಬ ಆಶಯವನ್ನೂ ಅದು ವ್ಯಕ್ತಪಡಿಸಿತು.

ಅಷ್ಟರಲ್ಲಿ ಕಾಲೇಜು ಹಾಗೂ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಬೇರೆ ಹಾದಿ ಹಿಡಿದಿದ್ದರು. ಮೆಹ್ರೋತ್ರಾ ಸಮಿತಿಯ ಶಿಫಾರಸುಗಳ ತರುವಾಯ, 1987ರಲ್ಲಿ ಅವರ ಅಖಿಲ ಭಾರತ ಒಕ್ಕೂಟವು ದೇಶವ್ಯಾಪಿ ಮುಷ್ಕರ ಹೂಡಿತು. 1986ರ ಜನವರಿ 1ರಿಂದ ಅನ್ವಯಿಸುವ ಪರಿಷ್ಕೃತ ಶ್ರೇಣಿಗಳ ಯೋಜನೆಯಲ್ಲಿ, ಹೆಚ್ಚುವರಿ ವೆಚ್ಚದ ಶೇಕಡಾ 80 ಭಾಗವನ್ನು 1990ರ ಮಾರ್ಚ್ ಅಂತ್ಯದವರೆಗೆ ಕೇಂದ್ರವು ಹೊತ್ತಿತು. ಮಿಕ್ಕುದು ರಾಜ್ಯಗಳ ಪಾಲಾಯಿತು. ಈ ಏರ್ಪಾಟಿನಲ್ಲಿ ಇನ್ನೊಂದು ತೊಡಕು ಎದ್ದುಕಾಣುತ್ತದೆ. ಸಂಘದ ಎದುರಿಗೆ ಕುಳಿತುಕೊಳ್ಳುವವರು ಉಪಕುಲಪತಿಗಳೂ ಕುಲಸಚಿವರೂ. ಹಣದ ಚೀಲ ಇರುವುದು ಸರ್ಕಾರದ ಕೈಯಲ್ಲಿ. ಬ್ಯಾಂಕಿನ ಆಡಳಿತವು ಸಹಿ ಮಾಡಿದರೆ ಸಂಬಳ ಏರುತ್ತದೆ. ವಿಶ್ವವಿದ್ಯಾನಿಲಯದ ಆಡಳಿತವು ಸಹಿ ಮಾಡಿದರೆ ಒಂದು ಶಿಫಾರಸು ಹೊರಡುತ್ತದೆ, ಅಷ್ಟೆ.

1978ರ ವ್ಯಾಖ್ಯೆಯ ಮರುವಿಚಾರವನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಬಹುಮಟ್ಟಿಗೆ ಆ ಮೂರು ಲಕ್ಷಣಗಳನ್ನೇ ಅನುಸರಿಸಿದರೂ, ಧರ್ಮಾರ್ಥ ಹಾಗೂ ಸಮಾಜಸೇವಾ ಸಂಸ್ಥೆಗಳನ್ನು ಹೊರಗಿರಿಸಿತು. ವಿದ್ಯೆಯು ಸೇವೆಯೆಂಬ ಮಾತು ಇಲ್ಲಿ ಮತ್ತೆ ಮುನ್ನೆಲೆಗೆ ಬರಬಹುದು. ಆ ಮಾತು ಸುಳ್ಳಲ್ಲ. ಆದರೆ ಸೇವೆಯ ಪುಣ್ಯವು ಸಂಸ್ಥೆಗೂ ಅದರ ಕಷ್ಟವು ನೌಕರನಿಗೂ ಸಲ್ಲಬೇಕೆಂಬುದು ಆ ಮಾತಿನ ಅರ್ಥವಲ್ಲವೆಂಬುದನ್ನು ದೆಹಲಿಯ ಬಸ್ಸು ಚಾಲಕರ ಮೊಕದ್ದಮೆಯು ನೆನಪಿಸುತ್ತದೆ.