ಎಂಜಿನ್ ದೋಷಸಂಕೇತ ಓದುವಿಕೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನೆಲೆಯಲ್ಲಿ

ಕಾರಿನ ಎಂಜಿನ್ ನಡೆಸುವ ಕಂಪ್ಯೂಟರು ತನ್ನ ಗಮನಕ್ಕೆ ಬಂದ ತೊಂದರೆಯನ್ನು ಒಂದು ಅಕ್ಷರ ಮತ್ತು ನಾಲ್ಕು ಅಂಕಿಗಳ ಗುರುತಾಗಿ ದಾಖಲಿಸಿಟ್ಟುಕೊಳ್ಳುತ್ತದೆ. ಈ ಗುರುತೇ ದೋಷಸಂಕೇತ. ಗ್ಯಾರೇಜಿನ ಮಾತಿನಲ್ಲಿ ಕೋಡ್. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತೆಂದರೆ ಒಳಗೆ ಕೋಡ್ ಬಿದ್ದಿದೆ ಎಂದರ್ಥ. ಅದನ್ನು ಓದುವ ಕೆಲಸಕ್ಕೆ ‘ಸ್ಕ್ಯಾನರ್ ಹಾಕುವುದು’ ಎನ್ನುತ್ತಾರೆ. ಒಂದು ಕಾಲಕ್ಕೆ ಕಂಪನಿಯ ವರ್ಕ್‌ಶಾಪಿನಲ್ಲಿ ಮಾತ್ರ ಆಗುತ್ತಿದ್ದ ಈ ಕೆಲಸ ಈಗ ಕೆಲವು ನೂರು ರೂಪಾಯಿಯ ಬ್ಲೂಟೂತ್ ಸಾಧನ ಮತ್ತು ಜೇಬಿನಲ್ಲಿರುವ ಮೊಬೈಲಿನಿಂದ ಆಗುತ್ತದೆ.

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಇದರ ಬೆಲೆ ಊರುಗಳ ನಡುವಿನ ದೂರದಿಂದಲೇ ತಿಳಿಯುತ್ತದೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಾದಪ್ಪನ ಬೆಟ್ಟಕ್ಕೆ ಸುಮಾರು 75 ಕಿಲೋಮೀಟರು. ಕೊನೆಯ ಭಾಗವೆಲ್ಲ ಕಾಡು, ತಿರುವು, ಏರು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೂ ಅಂಥದ್ದೇ ಹಾದಿ. ದೊಡ್ಡ ಸರ್ವಿಸ್ ಕೇಂದ್ರಗಳೆಂದರೆ ಬಹುಪಾಲು ಮೈಸೂರೇ. ತಾಳಬೆಟ್ಟದ ಹತ್ತಿರ ದೀಪ ಹತ್ತಿದ ಬಾಡಿಗೆ ಕಾರಿನವನಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಗಾಡಿಯನ್ನು ಮುಂದಕ್ಕೆ ಬಿಡಬಹುದೇ, ಇಲ್ಲೇ ನಿಲ್ಲಿಸಬೇಕೇ?

ಕೋಡ್ ಬರುವ ಮೊದಲು ದೋಷ ಹಿಡಿಯುವ ವಿದ್ಯೆಯೆಲ್ಲ ಮೆಕ್ಯಾನಿಕ್ಕಿನ ಕಣ್ಣು, ಕಿವಿ, ಮೂಗಿನಲ್ಲಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಎಲ್ಲಕ್ಕೂ ಕಾರ್ಬುರೇಟರು ಮತ್ತು ಡಿಸ್ಟ್ರಿಬ್ಯೂಟರು. ಪ್ಲಗ್ ಬಿಚ್ಚಿ ತುದಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತಿತ್ತು: ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳುಚಿಕೊಂಡಿದ್ದರೆ ಗಾಳಿ ಹೆಚ್ಚು, ಎಣ್ಣೆ ಜಿಡ್ಡಿದ್ದರೆ ರಿಂಗ್ ಸವೆದಿದೆ. ಡೀಸೆಲ್ ಜೀಪುಗಳಲ್ಲಿ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು, ನಾಜಲ್ಲು. ಅವುಗಳ ಆರೋಗ್ಯವನ್ನು ಹೊಗೆಯ ಬಣ್ಣವೇ ಹೇಳುತ್ತಿತ್ತು. ಈ ವಿದ್ಯೆ ಹಳತಾಯಿತು ಎನ್ನುವುದು ತಪ್ಪು. ಕೋಡ್ ಓದಿದ ಮೇಲೂ ನಿರ್ಧಾರಕ್ಕೆ ಬರಲು ಇದೇ ಬೇಕು.

ಕೋಡ್‌ಗಳು ಹುಟ್ಟಿದ್ದು ಮೆಕ್ಯಾನಿಕ್‌ನ ಅನುಕೂಲಕ್ಕಲ್ಲ, ಊರಿನ ಗಾಳಿಗಾಗಿ. ಲಾಸ್ ಏಂಜಲೀಸ್ ನಗರವನ್ನು ಮುಸುಕುತ್ತಿದ್ದ ಹೊಗೆಮಂಜಿಗೆ ವಾಹನಗಳ ಹೊಗೆ ಬಿಸಿಲಿನಲ್ಲಿ ಮಾರ್ಪಡುವುದೇ ಮುಖ್ಯ ಕಾರಣವೆಂದು 1950ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ಏರಿ ಹಾಗನ್-ಸ್ಮಿಟ್ ತೋರಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಹೊಗೆಯ ಮಿತಿ ಬಿಗಿಯಾದಂತೆ ಕಾರ್ಬುರೇಟರಿನ ಕೈಗೆ ಲೆಕ್ಕ ಸಿಗದಾಯಿತು. ಇಂಧನದ ಅಳತೆಯನ್ನು ಕಂಪ್ಯೂಟರು ವಹಿಸಿಕೊಂಡಿತು. ಕಂಪ್ಯೂಟರು ಬಂದಮೇಲೆ ಅದರ ಸೆನ್ಸರು ಕೆಟ್ಟರೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು.

ಜನರಲ್ ಮೋಟರ್ಸ್ 1980ರ ದಶಕದ ಆರಂಭದಲ್ಲಿ ಕೊಟ್ಟ ಉತ್ತರ ಸರಳವಾಗಿತ್ತು. ಸಾಕೆಟ್ಟಿನ ಎ ಮತ್ತು ಬಿ ಪಿನ್‌ಗಳ ನಡುವೆ ತಂತಿ ತುಂಡೊಂದನ್ನು ಸಿಕ್ಕಿಸಿದರೆ ದೀಪ ಮಿನುಗುತ್ತಿತ್ತು. ಒಮ್ಮೆ ಮಿನುಗಿ, ಕೊಂಚ ಬಿಡುವು ಕೊಟ್ಟು, ಎರಡು ಸಲ ಮಿನುಗಿದರೆ ಕೋಡ್ 12. ಟೊಯೋಟಾ, ಸುಜುಕಿ ಮೊದಲಾದವರ ಕಾರುಗಳಲ್ಲೂ ಇಂಥ ಮಿನುಗುವ ಕೋಡ್‌ಗಳಿದ್ದವು. ಕೋಡ್ ಓದುವ ಸಾಧನಗಳಲ್ಲಿ ಅತಿ ಅಗ್ಗದ್ದು ಆ ತಂತಿ ತುಂಡೇ. ಆದರೆ ಸಾಕೆಟ್ಟು, ಪಿನ್ನು, ಕೋಡಿನ ಅರ್ಥ ಎಲ್ಲವೂ ಕಂಪನಿಗೊಂದು ತರಹ. ಪುಸ್ತಕ ಕೈಯಲ್ಲಿಲ್ಲದವನಿಗೆ ಮಿನುಗು ಎಣಿಸಿ ಪ್ರಯೋಜನವಿರಲಿಲ್ಲ.

ಇದನ್ನು ಬದಲಿಸಿದ್ದು ಕಾಯಿದೆ. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಕಾರಿನಲ್ಲೇ ದೋಷಪತ್ತೆ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಎರಡನೆಯ ಹಂತ 1996ರ ಮಾದರಿಗಳಿಂದ ಇಡೀ ಅಮೆರಿಕಕ್ಕೆ ಅನ್ವಯಿಸಿತು. ಅದೇ ಇಂದಿನ ಒಬಿಡಿ-2. ಎಲ್ಲ ಕಂಪನಿಗೂ ಒಂದೇ ಆಕಾರದ 16 ಪಿನ್ ಸಾಕೆಟ್ಟು. ಅದಿರಬೇಕಾದದ್ದು ಚಾಲಕನ ಸೀಟಿನಿಂದ ಕೈಗೆಟಕುವ ಜಾಗದಲ್ಲಿ. 16ನೇ ಪಿನ್ನಿನಲ್ಲಿ ಬ್ಯಾಟರಿ, 4 ಮತ್ತು 5ರಲ್ಲಿ ಅರ್ತಿಂಗ್. ಹಾಗಾಗಿ ಸಾಧನಕ್ಕೆ ಬೇರೆ ಕರೆಂಟು ಬೇಡ. ಹೊಗೆಗೆ ಸಂಬಂಧಿಸಿದ ಕೋಡ್‌ಗಳಿಗೆ ಎಲ್ಲ ಕಾರಿನಲ್ಲೂ ಒಂದೇ ಅರ್ಥ. ಯುರೋಪು 2001ರಲ್ಲಿ ಪೆಟ್ರೋಲ್ ಕಾರುಗಳಿಂದ ಆರಂಭಿಸಿ ಇದೇ ದಾರಿ ಹಿಡಿಯಿತು. ಅಗ್ಗದ ಸ್ಕ್ಯಾನರಿನ ಕತೆ ಹೇಳುವಾಗ ಎಲ್ಲರೂ ಚೀನಾದ ಕಾರ್ಖಾನೆಯನ್ನು ನೆನೆಯುತ್ತಾರೆ. ಮೊದಲು ನೆನೆಯಬೇಕಾದದ್ದು ಈ ಕಾಯಿದೆಯನ್ನು. ಸಾಕೆಟ್ಟು ಒಂದೇ ಆಗದಿದ್ದರೆ ನೂರಾರು ರೂಪಾಯಿಗೆ ಎಲ್ಲ ಕಾರನ್ನೂ ಓದುವ ವಸ್ತು ಯಾರಿಂದಲೂ ಆಗುತ್ತಿರಲಿಲ್ಲ.

ಭಾರತದಲ್ಲಿ ಕಾರ್ಬುರೇಟರು ಮರೆಯಾಗಲು ಆರಂಭಿಸಿದ್ದು ಸುಪ್ರೀಂ ಕೋರ್ಟು 1999ರ ಏಪ್ರಿಲಿನಲ್ಲಿ ದೆಹಲಿ ಪ್ರದೇಶಕ್ಕೆ ಯೂರೋ ಹೊಗೆಮಿತಿಗಳನ್ನು ಬೇಗ ಜಾರಿ ಮಾಡಿಸಿದಾಗ. ಅಲ್ಲಿಂದಾಚೆ ಮಾರುತಿ 800ಕ್ಕೂ, ಕಂಪ್ಯೂಟರು ಇಂಧನ ಅಳೆದು ಚಿಮ್ಮಿಸುತ್ತದೆಂದು ಸಾರುವ ‘ಎಂಪಿಎಫ್‌ಐ’ ಎಂಬ ಪಟ್ಟಿ ಬಿತ್ತು. ಭಾರತ್ ಸ್ಟೇಜ್-4 ಮಿತಿ 2010ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿ ಕೆಲವೇ ದೊಡ್ಡ ನಗರಗಳಲ್ಲಿ ಜಾರಿಯಾಯಿತು. ಅದರೊಂದಿಗೆ ಒಬಿಡಿಯ ಮೊದಲ ಹಂತ. ಎರಡನೆಯ ಹಂತ 2013ರ ಏಪ್ರಿಲಿನಿಂದ. ಸ್ಟೇಜ್-4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ಕ್ಕೆ, ಸ್ಟೇಜ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ.

ಈ ದಿನಾಂಕಗಳು ಹಳ್ಳಿಯ ಗ್ಯಾರೇಜಿಗೆ ಒಣ ಅಂಕಿಗಳಲ್ಲ. ನಗರಕ್ಕೊಂದು, ಉಳಿದ ಊರಿಗೊಂದು ಮಿತಿ ಇದ್ದ ಆ ವರ್ಷಗಳ ಗಾಡಿಗಳು ಇಂದಿಗೂ ರಸ್ತೆಯ ಮೇಲಿವೆ. ಸ್ಟಿಯರಿಂಗಿನ ಕೆಳಗೆ ಕೈಹಾಕಿದರೆ 16 ಪಿನ್ನಿನ ಸಾಕೆಟ್ಟು ಸಿಗುತ್ತದೆ, ಸಾಧನದ ದೀಪವೂ ಹತ್ತುತ್ತದೆ, ಆದರೆ ಎಂಜಿನ್ ಮಾತಾಡುವುದಿಲ್ಲ. ಸಾಧನ ಕೆಟ್ಟಿದೆ ಎಂದು ಜನ ಎಸೆಯುತ್ತಾರೆ. ಎಷ್ಟೋ ಸಲ ಸಾಧನ ಸರಿಯಾಗಿಯೇ ಇರುತ್ತದೆ. ಆ ಕಾರು ತನ್ನ ಕಂಪನಿಯ ಸ್ವಂತ ಭಾಷೆಯನ್ನಷ್ಟೇ ಆಡುವ ಕಾಲದ್ದು.

ಅಗ್ಗದ ಸಾಧನದ ಮೂಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿ 2005ರಲ್ಲಿ ಹೊರತಂದ ಇಎಲ್‌ಎಂ327 ಚಿಪ್ಪು. ಕಾರುಗಳು ಆಡುವ ಹಲವು ಭಾಷೆಗಳನ್ನು ಅದು ಸರಳ ಅಕ್ಷರಗಳಿಗೆ ಇಳಿಸಿತು. ಮೊದಲ ಆವೃತ್ತಿಯಲ್ಲಿ ನಕಲು ತಡೆಯುವ ಬೀಗವಿರಲಿಲ್ಲ. ಚಿಪ್ಪಿನೊಳಗಿನ ಪ್ರೋಗ್ರಾಮನ್ನು ಹಾಗೆಯೇ ಎತ್ತಿಕೊಂಡು ಚೀನಾದಲ್ಲಿ ನಕಲು ಶುರುವಾಯಿತು. ಪೇಟೆಯಲ್ಲಿ ಸಿಗುವ ಎಷ್ಟೋ ಸಾಧನಗಳು ತಮ್ಮನ್ನು 1.5ನೇ ಆವೃತ್ತಿ ಎಂದು ಹೇಳಿಕೊಳ್ಳುತ್ತವೆ. ಎಲ್ಮ್ ಕಂಪನಿ ಅಂಥದ್ದೊಂದು ಆವೃತ್ತಿಯನ್ನೇ ಬಿಟ್ಟಿರಲಿಲ್ಲ. ಆ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿತು. ತನ್ನ ದುಡಿಮೆಯ ಫಲವನ್ನು ಲೋಕಕ್ಕೆಲ್ಲ ಹಂಚಿ ತಾನು ಕರಗಿದ ಕಂಪನಿ ಅದು. ಅದರ ಹೆಸರು ಇಲ್ಲಿ ದಾಖಲಾಗುವುದು ನ್ಯಾಯ. ಆಂಡ್ರಾಯ್ಡ್ ಫೋನುಗಳೂ ಟಾರ್ಕ್, ಕಾರ್ ಸ್ಕ್ಯಾನರ್ ಮೊದಲಾದ ಆ್ಯಪ್‌ಗಳೂ ಹರಡಿದ ಮೇಲೆ ಸಾಧನಕ್ಕೆ ಪರದೆಯೂ ಬೇಡವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಆಟೊಮೊಬೈಲ್ ಪೇಟೆಗೆ ಹೋಗಬೇಕೆಂದೂ ಇಲ್ಲ, ಆನ್‌ಲೈನಿನಲ್ಲಿ ತರಿಸಬಹುದು. ಸಾಧನ ಮತ್ತು ಫೋನಿನ ನಡುವೆ ಬ್ಲೂಟೂತ್ ಇದ್ದರೆ ಸಾಕು. ನೆಟ್‌ವರ್ಕ್ ಸಿಗದ ಕಾಡಿನ ರಸ್ತೆಯಲ್ಲೂ ಕೋಡ್ ಓದಬಹುದೆನ್ನುವುದು ಹನೂರಿನ ಕಡೆಯವರಿಗೆ ಸಣ್ಣ ಮಾತಲ್ಲ.

ಒಳಗೆ ನಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡೋಣ. ಫೋನಿನಿಂದ 03 ಎಂಬ ಅಪ್ಪಣೆ ಹೋಗುತ್ತದೆ. ಕೋಡ್‌ಗಳಿದ್ದರೆ ಹೇಳು ಎಂದರ್ಥ. ಕೆ-ಲೈನ್ ಎಂಬ ಹಳೆಯ ಭಾಷೆ ಆಡುವ ಕಾರಾದರೆ 43 01 71 00 00 00 00 ಎಂದು ಉತ್ತರ ಬರುತ್ತದೆ. 43 ಎಂದರೆ 03ಕ್ಕೆ ಉತ್ತರ. 01 71 ಎಂದರೆ ಪಿ0171. ಉಳಿದ ಸೊನ್ನೆಗಳೆಂದರೆ ಬೇರೆ ಕೋಡ್ ಇಲ್ಲ. ಪಿ ಅಕ್ಷರ ಎಂಜಿನ್ ಮತ್ತು ಗೇರಿನ ಕಡೆಯದು, ಮುಂದಿನ ಸೊನ್ನೆ ಎಲ್ಲ ಕಂಪನಿಗೂ ಸಾಮಾನ್ಯವಾದದ್ದು. ಅಲ್ಲಿ 1 ಇದ್ದರೆ ಕಂಪನಿಯ ಸ್ವಂತದ್ದು. 010ಸಿ ಎಂದು ಕೇಳಿದರೆ ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಎರಡು ಸಂಖ್ಯೆಗಳಲ್ಲಿ ಬರುತ್ತದೆ. ಅವು 12 ಮತ್ತು 128 ಆಗಿದ್ದರೆ 12ನ್ನು 256ರಿಂದ ಗುಣಿಸಿ, 128 ಕೂಡಿಸಿ, ನಾಲ್ಕರಿಂದ ಭಾಗಿಸಿದರೆ ನಿಮಿಷಕ್ಕೆ 800 ಸುತ್ತು. ಹೈಸ್ಕೂಲು ಹುಡುಗರೂ ಮಾಡಬಹುದಾದ ಲೆಕ್ಕ.

ಈ ಸೀಮೆಯ ಬೆಟ್ಟಗಳಲ್ಲಿ ಇನ್ನೊಂದು ಅಂಕಿ ನೋಡುವಂಥದ್ದು. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿಟ್ಟರೆ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರು ಹೊರಗಿನ ಗಾಳಿಯ ಒತ್ತಡವನ್ನೇ ಹೇಳುತ್ತದೆ. ಸಮುದ್ರ ಮಟ್ಟದಲ್ಲಿ ಅದು 101 ಕಿಲೋಪಾಸ್ಕಲ್. ಸುಮಾರು 600 ಮೀಟರು ಎತ್ತರದ ಕೊಳ್ಳೇಗಾಲದಲ್ಲಿ 94ರ ಆಸುಪಾಸು, ಮಾದಪ್ಪನ ಬೆಟ್ಟದಲ್ಲಿ 90ರ ಆಸುಪಾಸು, ಐದು ಸಾವಿರ ಅಡಿ ದಾಟುವ ಬಿಳಿಗಿರಿರಂಗನ ಬೆಟ್ಟದ ನೆತ್ತಿಯಲ್ಲಿ 84ರ ಹತ್ತಿರ ಬರಬೇಕು. ಗಾಳಿ ತೆಳುವಾದಷ್ಟೂ ಪೆಟ್ರೋಲು ಕಡಿಮೆ ಮಾಡಬೇಕು. ಕಾರ್ಬುರೇಟರಿಗೆ ಇದು ತಿಳಿಯದೆ ಬೆಟ್ಟದ ಮೇಲೆ ಗಾಡಿ ಕಪ್ಪು ಹೊಗೆ ಕಾರಿ ಪಿಕಪ್ ಕಳೆದುಕೊಳ್ಳುತ್ತಿತ್ತು; ಕಂಪ್ಯೂಟರು ತಾನೇ ಸರಿಪಡಿಸಿಕೊಳ್ಳುತ್ತದೆ. ಯಳಂದೂರಿನಲ್ಲೂ ಬೆಟ್ಟದ ಮೇಲೂ ಈ ಅಂಕಿ ಒಂದೇ ಇದ್ದರೆ, ಕೋಡ್ ಬೀಳದಿದ್ದರೂ, ಸೆನ್ಸರಿನ ಮೇಲೆ ಅನುಮಾನ ಪಡಬೇಕು.

ಅಗ್ಗದ ಸಾಧನ ತಂದಿಟ್ಟ ಅಪಾಯವೂ ಒಂದಿದೆ. ಕೋಡ್ ಕೆಟ್ಟ ಭಾಗದ ಹೆಸರನ್ನು ಹೇಳುವುದಿಲ್ಲ. ಕಂಪ್ಯೂಟರಿಗೆ ಒಪ್ಪಿಗೆಯಾಗದ ಅಳತೆಯನ್ನು ಹೇಳುತ್ತದೆ. ಪಿ0171 ಎಂದರೆ ಗಾಳಿಗೆ ತಕ್ಕ ಪೆಟ್ರೋಲು ಸಿಗುತ್ತಿಲ್ಲ ಎಂದಷ್ಟೆ. ಕಾರಣ ಹರಿದ ವ್ಯಾಕ್ಯೂಮ್ ಪೈಪು ಇರಬಹುದು, ಕಟ್ಟಿದ ಇಂಧನ ಫಿಲ್ಟರು ಇರಬಹುದು, ಸೋತ ಪಂಪು ಇರಬಹುದು. ಆಕ್ಸಿಜನ್ ಸೆನ್ಸರು ಕೊಂಡು ಹಾಕಿದವನ ದುಡ್ಡು ಹೋಗುತ್ತದೆ, ದೀಪ ಮತ್ತೆ ಹತ್ತುತ್ತದೆ. ಕೂಲಂಟ್ ಸೆನ್ಸರಿನ ಪಿ0118 ಬಿದ್ದಾಗ ಗದ್ದೆ, ಕಬ್ಬಿನ ತೋಟದ ಪಕ್ಕ ಗಾಡಿ ನಿಲ್ಲಿಸುವವರು ಮೊದಲು ಬೋನಟ್ ಎತ್ತಿ ಇಲಿ ವೈರು ಕಡಿದಿದೆಯೇ ನೋಡಬೇಕು. ಕೋಡ್ ಅಳಿಸುವ 04 ಅಪ್ಪಣೆ ಇನ್ನೂ ಎಚ್ಚರ ಬೇಡುತ್ತದೆ. ಕೋಡ್ ಬಿದ್ದ ಗಳಿಗೆಯಲ್ಲಿ ವೇಗ, ಬಿಸಿ, ಲೋಡು ಎಷ್ಟಿತ್ತೆಂದು ಕಂಪ್ಯೂಟರು ಹಿಡಿದಿಟ್ಟ ಫ್ರೀಜ್ ಫ್ರೇಮೂ ಅದರೊಂದಿಗೆ ಅಳಿದುಹೋಗುತ್ತದೆ. ಬರೆದುಕೊಳ್ಳದೆ ಅಳಿಸುವುದು ಸಾಕ್ಷಿ ಸುಟ್ಟ ಹಾಗೆ. ಕೆಲಸ ಮುಗಿದ ಮೇಲೆ ಸಾಧನವನ್ನು ಕಿತ್ತಿಡಬೇಕು. ಸಾಕೆಟ್ಟಿನಲ್ಲೇ ಬಿಟ್ಟರೆ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಲಾರಿ, ಬಸ್ಸಿನ 24 ವೋಲ್ಟಿಗೆ ಕಾರಿನ ಅಗ್ಗದ ಸಾಧನ ಸಿಕ್ಕಿಸುವುದು ಸಲ್ಲದು.

ಕಾಯಿದೆ ತೆರೆದದ್ದು ಹೊಗೆಗೆ ಸಂಬಂಧಿಸಿದ ಬಾಗಿಲು ಮಾತ್ರ. ಬ್ರೇಕಿನ ಎಬಿಎಸ್, ಏರ್‌ಬ್ಯಾಗ್, ಕೀಲಿಯ ಇಮೊಬಿಲೈಸರ್, ಹೊಸ ಇಂಜೆಕ್ಟರಿಗೆ ಕೋಡ್ ಬರೆಯುವುದು ಬಹುಪಾಲು ಕಂಪನಿಯ ಬೀಗದೊಳಗೇ ಉಳಿದಿವೆ. ಸ್ಟೇಜ್-6 ಡೀಸೆಲ್ ಗಾಡಿ ಜಾತ್ರೆಯ ಸಾಲಿನಲ್ಲಿ ತೆವಳಿ ತೆವಳಿ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರು ಮಸಿಯಿಂದ ಕಟ್ಟಿಕೊಂಡರೆ ಅಗ್ಗದ ಸಾಧನ ಪಿ2463 ಎಂದು ತೋರಿಸಬಲ್ಲದು. ಆ ಮಸಿಯನ್ನು ನಿಂತಲ್ಲೇ ಸುಡಿಸುವ ಅಪ್ಪಣೆಗೆ ಸಾಮಾನ್ಯವಾಗಿ ದುಬಾರಿ ಸ್ಕ್ಯಾನರೇ ಬೇಕು.

ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಮತ್ತು ದೋಷಪತ್ತೆ ಸಾಧನ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ನಿಲುವು. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ಬೆಳೆಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ವಾಹನಗಳೂ ಅದರಲ್ಲಿ ಸೇರಿದವು. ಆದರೆ ಪೋರ್ಟಲಿನಲ್ಲಿ ಮಾಹಿತಿ ಹಾಕುವುದೂ ಕಾಯಿದೆ ಕಡ್ಡಾಯ ಮಾಡುವುದೂ ಒಂದೇ ಅಲ್ಲ. ಸಾಕೆಟ್ಟನ್ನು ಒಂದೇ ಮಾಡಿಸಿದಷ್ಟು ಗಟ್ಟಿಯಾದ ನಿಯಮ ಈ ಬೀಗಗಳ ವಿಷಯದಲ್ಲೂ ಬಂದರೆ ಹನೂರಿನ ಗ್ಯಾರೇಜು ಮೈಸೂರಿನ ವರ್ಕ್‌ಶಾಪಿನ ಸಮಕ್ಕೆ ನಿಲ್ಲಬಲ್ಲದು. ಅಲ್ಲಿಯವರೆಗೆ ಗಾಡಿ ಟೋ ಮಾಡಿಸಿಕೊಂಡೇ ಹೋಗಬೇಕು.

ತಾಲ್ಲೂಕು ಊರುಗಳಲ್ಲಿ ಕಾರಿಗಿಂತ ಬೈಕೇ ಹೆಚ್ಚು. ಸ್ಟೇಜ್-6ರೊಂದಿಗೆ ಬೈಕು, ಸ್ಕೂಟರುಗಳಿಗೂ ಒಬಿಡಿ ಬಂತು. 2023ರ ಏಪ್ರಿಲಿನಿಂದ ಎರಡನೆಯ ಹಂತದ ನಿಯಮಗಳು ಅನ್ವಯಿಸತೊಡಗಿದವು. ಅವುಗಳ ಸಾಕೆಟ್ಟು ಬಹುಪಾಲು ಸೀಟಿನ ಕೆಳಗಿರುವ 6 ಪಿನ್ನಿನದು. ಅದರಿಂದ 16 ಪಿನ್ನಿಗೆ ಸೇರಿಸುವ ಕೇಬಲ್ ಒಂದನ್ನು ಇಟ್ಟುಕೊಂಡರೆ ಕಾರಿನ ಅದೇ ಸಾಧನದಿಂದ ಎಷ್ಟೋ ಬೈಕುಗಳ ಕೋಡ್ ಓದಬಹುದು.